ನಾಯಿಗೆ ವಸ್ತುವಿನ ಹೆಸರು ಕಲಿಸೋದು ಹೇಗೆ? ನಮ್ಮ ಕೆಂಚನ ಎಂಟು ತಿಂಗಳ ಪಾಠ



ಈ ವಾರ ಗೊಬ್ಬರ ಬೇಡ, ಮಾರುಕಟ್ಟೆ ದರ ಬೇಡ. ನಿಮ್ಮ ತೋಟದ ಮನೆ ಬಾಗಿಲಲ್ಲಿ ಕಾಲು ಚಾಚಿ ಮಲಗಿದೆಯಲ್ಲ, ಆ ನಾಯಿ ಬಗ್ಗೆ ಮಾತಾಡೋಣ.

ನಮ್ಮದು ತಿಪಟೂರು ಕಡೆ. ಎರಡೂವರೆ ಎಕರೆ ತೆಂಗು, ಪಕ್ಕದಲ್ಲಿ ಒಂದಿಷ್ಟು ಟೊಮ್ಯಾಟೊ, ಎರಡು ಹಸು. ಎರಡು ವರ್ಷದ ಹಿಂದೆ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿತು, ಮಾತು ತೊದಲಾಯಿತು. ವ್ಯಾಯಾಮ ಮಾಡಿಸಿ ಮಾಡಿಸಿ ಈಗ ಊರುಗೋಲು ಹಿಡಿದು ಮನೆಯಿಂದ ಕೊಟ್ಟಿಗೆವರೆಗೆ ನಡೆಯುತ್ತಾರೆ. ಆದರೆ ಬಗ್ಗಿ ಏನನ್ನೂ ಎತ್ತಿಕೊಳ್ಳೋಕೆ ಆಗಲ್ಲ.

ಕಳೆದ ವರ್ಷ ಆಷಾಢದಲ್ಲಿ ಒಂದು ಸಂಜೆ ನಾನು ಪೇಟೆಗೆ ಹೋಗಿದ್ದೆ. ಅವ್ವ ಹಾಲು ಹಾಕೋಕೆ ಡೈರಿಗೆ ಹೋಗಿ, ಅಲ್ಲಿಂದ ಹಾಗೇ ಯಾರದೋ ಮನೆಗೆ ಹೋಗಿದ್ದಳು. ಅಪ್ಪ ಒಬ್ಬರೇ ಕೊಟ್ಟಿಗೆಗೆ ಬಂದಿದ್ದಾರೆ. ಊರುಗೋಲು ಕೈ ಜಾರಿ ಬಿದ್ದಿದೆ. ಬಗ್ಗಿದರೆ ಬೀಳುತ್ತೇನೆ ಅನ್ನುವ ಭಯ. ಫೋನು ಒಳಗೆ ಚಾರ್ಜಿಗೆ ಹಾಕಿತ್ತು. ಹೆಚ್ಚುಕಡಿಮೆ ಒಂದು ಗಂಟೆ ಕೊಟ್ಟಿಗೆ ಕಂಬ ತಬ್ಬಿಕೊಂಡು ನಿಂತೇ ಇದ್ದರು. ನಾನು ಬಂದಾಗ ಎಡಗಾಲು ಗಡಗಡ ನಡುಗುತ್ತಿತ್ತು. ನಮ್ಮ ಕೆಂಚ ಮಾತ್ರ ಆ ಕೋಲಿನ ಪಕ್ಕದಲ್ಲೇ ಮಲಗಿ ಬಾಲ ಅಲ್ಲಾಡಿಸುತ್ತಿದ್ದ.

"ನೀನಾದ್ರೂ ಎತ್ತಿ ಕೊಡಬಾರದಿತ್ತೇನೋ" ಅಂತ ಅವನ ಮೇಲೆ ರೇಗಿದೆ. ರಾತ್ರಿ ಮಲಗಿದಾಗ ಅದೇ ಮಾತು ತಲೆಯಲ್ಲಿ ಸುತ್ತಿತು. ಎತ್ತಿ ಕೊಡು ಅಂತ ಅವನಿಗೆ ಕಲಿಸಿದವರು ಯಾರು?

ನಾಯಿಗೆ ನಿಜವಾಗಲೂ ಹೆಸರು ಗೊತ್ತಾಗುತ್ತಾ?

ಗೊತ್ತಾಗುತ್ತೆ. ಆದರೆ ಎಲ್ಲಾ ನಾಯಿಗೂ ಒಂದೇ ಸಮ ಅಲ್ಲ.

ಜರ್ಮನಿಯ ರಿಕೊ ಅನ್ನುವ ನಾಯಿಗೆ 200ಕ್ಕೂ ಹೆಚ್ಚು ಆಟಿಕೆಗಳ ಹೆಸರು ಗೊತ್ತಿತ್ತು. ಲೈಪ್‌ಜಿಗ್‌ನ ವಿಜ್ಞಾನಿಗಳು ಅದನ್ನು ಪರೀಕ್ಷೆ ಮಾಡಿ 2004ರಲ್ಲಿ ವರದಿ ಪ್ರಕಟಿಸಿದರು. ಆಮೇಲೆ ಅಮೆರಿಕದಲ್ಲಿ ಜಾನ್ ಪಿಲ್ಲಿ ಅನ್ನುವ ನಿವೃತ್ತ ಮನಶ್ಶಾಸ್ತ್ರ ಪ್ರಾಧ್ಯಾಪಕರು ತಮ್ಮ ನಾಯಿ ಚೇಸರ್‌ಗೆ ಮೂರು ವರ್ಷ ಪಾಠ ಮಾಡಿ 1022 ವಸ್ತುಗಳ ಹೆಸರು ಕಲಿಸಿದರು. ಎರಡೂ ಬಾರ್ಡರ್ ಕೋಲಿ ತಳಿ. ಕುರಿ ಕಾಯುವವರ ಮಾತು, ಸಿಳ್ಳೆ ಕೇಳಿಕೊಂಡು ಕೆಲಸ ಮಾಡಲಿಕ್ಕೆಂದೇ ಬೆಳೆಸಿದ ನಾಯಿಗಳು ಅವು.

ಇದನ್ನು ಓದಿ ನಮ್ಮ ನಾಯಿಯೂ ನೂರು ಹೆಸರು ಕಲಿಯುತ್ತೆ ಅಂದುಕೊಳ್ಳಬೇಡಿ. ಹಂಗೆರಿಯ ಬುಡಾಪೆಸ್ಟ್ ವಿಶ್ವವಿದ್ಯಾಲಯದವರು ಮನೆಯಲ್ಲಿ ಸಾಕಿದ ಸಾಮಾನ್ಯ ನಾಯಿಗಳಿಗೆ ಮೂರು ತಿಂಗಳು ಪಾಠ ಮಾಡಿಸಿ ನೋಡಿದ್ದಾರೆ. ಬಹುತೇಕ ನಾಯಿಗಳು ಎರಡೇ ಎರಡು ಆಟಿಕೆಗಳ ಹೆಸರನ್ನೂ ಸರಿಯಾಗಿ ಕಲಿಯಲಿಲ್ಲ. ಯೂಟ್ಯೂಬಲ್ಲಿ "ಏಳು ದಿನದಲ್ಲಿ ಕಲಿಸಿ" ಅನ್ನುವ ವಿಡಿಯೊ ನೋಡಿ ನಂಬಿದರೆ, ಎಂಟನೇ ದಿನ ನಾಯಿಯನ್ನು ಬೈಯುತ್ತೀರಿ.

ನಮ್ಮ ಕೆಂಚ ಬೀದಿಯಿಂದ ತಂದ ನಾಟಿ ನಾಯಿ, ಮೂರು ವರ್ಷ ವಯಸ್ಸು. ಎಂಟು ತಿಂಗಳಲ್ಲಿ ಕಲಿತದ್ದು ನಾಲ್ಕು ಹೆಸರು. ಅದರಲ್ಲಿ ಒಂದು ನಮ್ಮ ಮನೆಯಲ್ಲಿ ಸಾವಿರಕ್ಕೆ ಸಮ.

ಮೊದಲ ಪಾಠ: ಹಿಡಿಯೋದು, ಬಿಡೋದು

ನಾನು ಮಾಡಿದ ಮೊದಲ ತಪ್ಪು, ನೇರವಾಗಿ ಹೆಸರು ಹೇಳಿಕೊಡಲು ಕೂತದ್ದು. ವಸ್ತುವನ್ನು ಬಾಯಲ್ಲಿ ಹಿಡಿದು, ತಂದು, ಕೈಗೆ ಬಿಡೋದು ಬರದಿದ್ದರೆ ಹೆಸರು ಗೊತ್ತಿದ್ದೂ ಪ್ರಯೋಜನ ಇಲ್ಲ.

ಒಂದು ಹಳೆ ಬಟ್ಟೆ ಗಂಟು ತಗೊಳ್ಳಿ. ನಾಯಿ ಮೂಸಿದರೂ ಸಾಕು, ಒಂದು ಚೂರು ತಿಂಡಿ ಕೊಡಿ. ಆಮೇಲೆ ಬಾಯಿ ಹಾಕಿದರೆ ಮಾತ್ರ ಕೊಡಿ. ಆಮೇಲೆ ಒಂದೆರಡು ಕ್ಷಣ ಹಿಡಿದರೆ ಮಾತ್ರ. ಹಿಡಿದಿದ್ದಾಗ ಮೂಗಿನ ಹತ್ತಿರ ತಿಂಡಿ ಹಿಡಿಯಿರಿ. ಅದು ವಸ್ತು ಬಿಡುವ ಕ್ಷಣಕ್ಕೆ "ಬಿಡು" ಅನ್ನಿ. ಇದು ಕೊಟ್ಟು ತಗೊಳ್ಳುವ ವ್ಯಾಪಾರ. ಬಾಯಿಂದ ಕಿತ್ತುಕೊಂಡರೆ ನಾಯಿ ಮುಂದಿನ ಸಲ ವಸ್ತು ಕಚ್ಚಿಕೊಂಡು ತೆಂಗಿನ ಸಾಲಿನೊಳಗೆ ಓಡುತ್ತೆ, ನೀವು ಹಿಂದೆ ಓಡುತ್ತೀರಿ. ನಾನು ಓಡಿದ್ದೇನೆ.

ತಿಂಡಿ ಅಂದರೆ ಅಂಗಡಿ ಬಿಸ್ಕತ್ತೇ ಆಗಬೇಕಿಲ್ಲ. ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ, ಕಡಲೆಕಾಳು ಗಾತ್ರದ ಚೂರು ಸಾಕು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಹಾಗಾಗಿ ಒಗ್ಗರಣೆ ಹಾಕಿದ ಸಾರಿನ ಕೋಳಿ ಚೂರು ಬೇಡ, ಬೇರೆಯಾಗಿ ಬೇಯಿಸಿಟ್ಟುಕೊಳ್ಳಿ.

ಪಾಠ ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಎರಡು ಸಲ, ಊಟಕ್ಕೆ ಮುಂಚೆ. ಬೆಳಗ್ಗೆ ಹಾಲು ಕರೆದ ಮೇಲೆ ಒಮ್ಮೆ, ಸಂಜೆ ತಂಪಿನಲ್ಲಿ ಒಮ್ಮೆ. ನಮಗೆ ಈ ಪಾಠಕ್ಕೇ ಮೂರು ವಾರ ಹಿಡಿಯಿತು.

ಹೆಸರು ಆರಿಸುವಾಗ ಹುಷಾರು

ಊರುಗೋಲಿಗೆ "ಕೋಲು" ಅಂತಲೇ ಹೆಸರಿಟ್ಟೆ. ಕೋಲು ಅಂದ ಕೂಡಲೇ ಕೆಂಚ ಕಿವಿ ಮಡಚಿ ಮಂಚದ ಕೆಳಗೆ. ಯಾಕೆ ಅಂತ ಆಮೇಲೆ ಹೊಳೆಯಿತು. ಮರಿಯಾಗಿದ್ದಾಗಿನಿಂದ ಅವನು ಚಪ್ಪಲಿ ಕಚ್ಚಿದಾಗೆಲ್ಲ ಅವ್ವ "ತರ್ತೀನಿ ನೋಡು ಕೋಲು" ಅಂತ ಗದರುತ್ತಿದ್ದಳು. ಒಂದೆರಡು ಏಟೂ ಬಿದ್ದಿದ್ದವು. ಅವನಿಗೆ ಆ ಪದದ ಅರ್ಥ ಆಗಲೇ ಚೆನ್ನಾಗಿ ಗೊತ್ತಿತ್ತು!

ಮೊದಲು ಆ ಭಯ ತೆಗೆಯಬೇಕಾಯಿತು. ಹತ್ತು ದಿನ ಊರುಗೋಲನ್ನು ನೆಲದ ಮೇಲೆ ಮಲಗಿಸಿ, ಅದರ ಪಕ್ಕದಲ್ಲೇ ಅವನಿಗೆ ಅನ್ನ ಹಾಕಿದೆವು. ಮನೆಯಲ್ಲಿ ಯಾರೂ ಯಾವ ಕೋಲನ್ನೂ ಅವನ ಕಡೆ ಎತ್ತಬಾರದು ಅಂತ ಕಟ್ಟಪ್ಪಣೆ. ಊರುಗೋಲಿನ ನಡುವಿಗೆ ನೀಲಿ ಬಟ್ಟೆ ಸುತ್ತಿದೆ. ಹಲ್ಲಿಗೆ ಮೆತ್ತಗಿರುತ್ತೆ, ಕಣ್ಣಿಗೂ ಬೀಳುತ್ತೆ. ನಾಯಿಗೆ ನೀಲಿ, ಹಳದಿ ಬೇರೆ ಬೇರೆಯಾಗಿ ಕಾಣುತ್ತವೆ. ಕೆಂಪು, ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣಲ್ಲ. ಹುಲ್ಲಲ್ಲಿ ಬಿದ್ದ ಕೆಂಪು ಟವಲ್ಲು ನಮ್ಮ ಕಣ್ಣಿಗೆ ಹೊಡೆಯುತ್ತೆ, ಅದರ ಕಣ್ಣಿಗೆ ಅಲ್ಲ.

ಇನ್ನು ಹೊಸ ಹೆಸರು ಬೇಕಿತ್ತು. ಅಪ್ಪನಿಗೆ ಹೇಳಲು ಬರುವಂಥದ್ದೇ ಆಗಬೇಕು. ಆಗ ಅವರ ಬಾಯಲ್ಲಿ ಸಲೀಸಾಗಿ ಬರುತ್ತಿದ್ದದ್ದು ಮ, ಪ, ವ ಅಂಥ ಅಕ್ಷರಗಳು. ಒಂದೊಂದೇ ಪದ ಹೇಳಿಸಿ ನೋಡಿದೆವು. ಕೊನೆಗೆ ಅವರೇ ನಗುತ್ತಾ "ಮಾವ" ಅಂದರು. ಊರುಗೋಲಿನ ಹೆಸರು ಅದೇ ಆಯಿತು.

ಇದರಲ್ಲೂ ಒಂದು ಎಡವಟ್ಟಿದೆ. ಅವ್ವನ ತಮ್ಮ ಮನೆಗೆ ಬಂದಾಗ "ಮಾವ ಬಂದ್ರು" ಅಂದರೆ ಕೆಂಚ ಓಡಿಹೋಗಿ ಊರುಗೋಲು ತಂದು ಮಾವನ ಮುಂದೆ ಇಡುತ್ತಾನೆ. ನಮಗೆ ಬೇರೆ ದಾರಿ ಇರಲಿಲ್ಲ. ನಿಮಗಿದ್ದರೆ, ಮನೆಯಲ್ಲಿ ದಿನಾ ಬಳಸುವ ಪದ, ನಾಯಿಯ ಹೆಸರಿಗೆ ಹತ್ತಿರದ ಪದ, ಬೈಯಲು ಬಳಸುವ ಪದ, ಈ ಮೂರೂ ಬೇಡ. ಒಂದು ವಸ್ತುವಿಗೆ ಒಂದೇ ಹೆಸರು. ನೀವು "ಮೆಟ್ಟು" ಅಂದು, ತಂಗಿ "ಚಪ್ಲಿ" ಅಂದು, ತಮ್ಮ "ಸ್ಲಿಪ್ಪರ್" ಅಂದರೆ ನಾಯಿ ಯಾರ ಮಾತು ಕಲಿಯಬೇಕು?

ಹೆಸರು ಕಲಿಸುವ ಹಂತಗಳು

1. ಒಂದೇ ವಸ್ತು. ಎದುರಿಗೆ ಇಟ್ಟು, ನಾಯಿ ನಿಮ್ಮನ್ನು ನೋಡಿದಾಗ ಹೆಸರು ಒಂದೇ ಸಲ ಹೇಳಿ. ತಂದರೆ ತಿಂಡಿ. "ಮಾವ ಮಾವ ಮಾವ" ಅಂತ ಜಪ ಮಾಡಬೇಡಿ.

2. ದೂರ ಹೆಚ್ಚಿಸಿ. ಎರಡು ಅಡಿ, ಹತ್ತು ಅಡಿ, ಜಗಲಿಯ ಆ ತುದಿ.

3. ಪಕ್ಕದಲ್ಲಿ ಹೆಸರಿಲ್ಲದ ಇನ್ನೊಂದು ವಸ್ತು ಇಡಿ, ಉದಾಹರಣೆಗೆ ಒಂದು ಖಾಲಿ ಡಬ್ಬ. ತಪ್ಪು ತಂದರೆ ಬೈಯಬೇಡಿ, ಹೊಡೆಯಲೇಬೇಡಿ. ಸುಮ್ಮನೆ ತಗೊಂಡು ವಾಪಸ್ ಇಟ್ಟು ಮತ್ತೆ ಹೇಳಿ. ಎರಡು ಸಲ ತಪ್ಪಿದರೆ ಹಿಂದಿನ ಹಂತಕ್ಕೆ ಹೋಗಿ.

4. ಪ್ರತಿ ಸಲ ವಸ್ತುಗಳ ಜಾಗ ಬದಲಿಸಿ. ಇಲ್ಲದಿದ್ದರೆ ನಾಯಿ ಕಲಿಯೋದು "ಎಡಗಡೆ ಇರೋದು" ಅಂತ, "ಟವಲ್ಲು" ಅಂತ ಅಲ್ಲ.

5. ಮೊದಲ ಹೆಸರು ಗಟ್ಟಿಯಾದ ಮೇಲೆ ಎರಡನೆಯದು. ಎರಡೂ ಬೇರೆ ಬೇರೆಯಾಗಿ ಬಂದ ಮೇಲೆ ಮಾತ್ರ ಜೊತೆಗಿಟ್ಟು ಕೇಳಿ. ನಿಜವಾದ ಪರೀಕ್ಷೆ ಇಲ್ಲೇ ಶುರು. ಒಂದೇ ಹೆಸರು ಗೊತ್ತಿರುವ ನಾಯಿ ಯಾವ ಪದ ಕೇಳಿದರೂ ಅದನ್ನೇ ತರುತ್ತೆ.

ನಮ್ಮಲ್ಲಿ "ಮಾವ" ಗಟ್ಟಿಯಾಗಲು ಏಳು ವಾರ, "ಟವಲ್ಲು" ಸೇರಿಸಿ ಎರಡನ್ನೂ ಬೇರೆ ಮಾಡಲು ಇನ್ನೂ ಎಂಟು ವಾರ ಬೇಕಾಯಿತು. ಊರುಗೋಲು ಉದ್ದ ಅಲ್ಲವೇ, ಮೊದಮೊದಲು ನಡುಮಧ್ಯ ಕಚ್ಚಿಕೊಂಡು ಬಂದು ಬಾಗಿಲಿಗೆ ಅಡ್ಡ ಸಿಕ್ಕಿಹಾಕಿಕೊಳ್ಳುತ್ತಿದ್ದ. ಆಮೇಲೆ ಅವನೇ ಒಂದು ತುದಿ ಹಿಡಿದು ಎಳೆದುಕೊಂಡು ಬರೋದು ಕಲಿತ. ಅದನ್ನು ನಾನು ಕಲಿಸಲಿಲ್ಲ.

ಮೊಬೈಲು ಹಿಡಿದುಕೊಟ್ಟ ಕಳ್ಳ ನಾನೇ

ಕೆಂಚ ಹತ್ತಕ್ಕೆ ಹತ್ತು ಸರಿ ತರುತ್ತಿದ್ದಾನೆ ಅಂತ ಒಂದು ದಿನ ವಿಡಿಯೊ ಮಾಡಿದೆ. ಸ್ಟೇಟಸ್‌ಗೆ ಹಾಕುವ ಆಸೆ. ಮೊಬೈಲನ್ನು ಕಿಟಕಿಯಲ್ಲಿಟ್ಟು ರೆಕಾರ್ಡ್ ಮಾಡಿ ನೋಡಿದರೆ ಮರ್ಯಾದೆ ಹೋಯಿತು. "ಟವಲ್ಲು" ಅನ್ನುವ ಮೊದಲೇ ನನ್ನ ಕಣ್ಣು ಟವಲ್ಲಿನ ಕಡೆ ಹೋಗುತ್ತಿತ್ತು, ಭುಜವೂ ಆ ಕಡೆ ವಾಲುತ್ತಿತ್ತು. ಅವನು ಪದ ಕೇಳುತ್ತಿರಲಿಲ್ಲ, ನನ್ನ ಮುಖ ಓದುತ್ತಿದ್ದ. ನಾಯಿಗಳು ಇದರಲ್ಲಿ ಬಹಳ ಚುರುಕು.

ಪರೀಕ್ಷೆ ಹೀಗೆ ಮಾಡಿ. ವಸ್ತುಗಳನ್ನು ಒಳಗಿನ ಕೋಣೆಯಲ್ಲಿ ಬೇರೆಯವರಿಂದ ಇಡಿಸಿ, ಯಾವುದು ಎಲ್ಲಿದೆ ಅಂತ ನಿಮಗೇ ಗೊತ್ತಿರಬಾರದು. ಹೊರಗೆ ಜಗಲಿಯಲ್ಲಿ ಕೂತು ಹೆಸರು ಹೇಳಿ. ಯಾವ ಹೆಸರು ಹೇಳಬೇಕು ಅನ್ನೋದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿ. ಎರಡು ವಸ್ತು ಇದ್ದಾಗ ಏನೂ ಗೊತ್ತಿಲ್ಲದ ನಾಯಿಯೂ ಹತ್ತರಲ್ಲಿ ಐದು ಸರಿ ತರುತ್ತೆ. ಆದ್ದರಿಂದ ಐದು, ಆರಕ್ಕೆ ಖುಷಿ ಪಡಬೇಡಿ. ನಾಲ್ಕೈದು ದಿನ ಸತತವಾಗಿ ಎಂಟರ ಮೇಲೆ ಬಂದರೆ ಕಲಿತಿದೆ ಅನ್ನಬಹುದು. ಕೆಂಚನಿಗೆ ಆ ದಿನ ಬಂದದ್ದು ಆರು. ಸ್ಟೇಟಸ್ ಹಾಕಲಿಲ್ಲ.

ಅಪ್ಪನ ದನಿ

ಮತ್ತೆ ಮೂರು ವಾರ ದುಡಿದು ಎಂಟು, ಒಂಬತ್ತಕ್ಕೆ ಬಂದೆವು. ಅಪ್ಪನನ್ನು ಕೂರಿಸಿ "ಈಗ ನೀನು ಹೇಳಪ್ಪ" ಅಂದೆ. ಅಪ್ಪ "ಮಾ...ವ" ಅಂದರು. ಕೆಂಚ ಅವರ ಮುಖ ನೋಡಿದ, ನನ್ನ ಮುಖ ನೋಡಿದ, ಕೂತ. ಮತ್ತೆ ಹೇಳಿದರು. ಅವನು ಅಲ್ಲಾಡಲಿಲ್ಲ. ಅಪ್ಪ ಮುಖ ತಿರುಗಿಸಿಕೊಂಡರು.

ಆ ಕ್ಷಣ ನನಗೆ ಅರ್ಥ ಆಯಿತು. ಯಾರಿಗೋಸ್ಕರ ಇಷ್ಟೆಲ್ಲ ಮಾಡಿದೆನೋ ಅವರನ್ನೇ ಪಾಠದ ಹೊರಗೆ ಕೂರಿಸಿದ್ದೆ. ನನ್ನ "ಮಾವ" ಬೇರೆ, ಅಪ್ಪನ "ಮಾ...ವ" ಬೇರೆ. ನಾಯಿಗೆ ಅದು ಹೊಸ ಪದ.

ಮಾರನೆ ದಿನದಿಂದ ತಿಂಡಿ ಬಟ್ಟಲು ಅಪ್ಪನ ತೊಡೆ ಮೇಲೆ. ಮೊದಲ ಹಂತದಿಂದ ಮತ್ತೆ ಶುರು, ಹೇಳುವವರು ಅಪ್ಪ, ತಿಂಡಿ ಕೊಡುವವರು ಅಪ್ಪ, ಎಡಗೈಯಲ್ಲಿ. ನಾನು ಸುಮ್ಮನೆ ವಸ್ತು ಇಡುವ ಕೂಲಿ. ಈ ಸಲ ಬೇಗ ಬಂತು, ಹದಿನೈದು ದಿನ ಸಾಕಾಯಿತು. ಮಾತಿನ ವ್ಯಾಯಾಮ ಮಾಡು ಅಂದರೆ ಸಿಡುಕುತ್ತಿದ್ದ ಅಪ್ಪ ದಿನಕ್ಕೆ ಮೂವತ್ತು ನಲವತ್ತು ಸಲ ಒಂದೊಂದು ಪದ ಹೇಳತೊಡಗಿದರು. ನಾನು ಕೇಳಿದರೆ ಹೇಳುತ್ತಿರಲಿಲ್ಲ, ನಾಯಿಗೆ ಹೇಳಿದರು.

ನಿಮ್ಮ ಮನೆಯಲ್ಲೂ ಯಾರಿಗೋಸ್ಕರ ಕಲಿಸುತ್ತೀರೋ ಅವರ ದನಿಯಲ್ಲೇ, ಅವರ ಕೈಯಿಂದಲೇ ಕಲಿಸಿ.

"ಬಾಟ್ಲು" ಅನ್ನುವ ತಪ್ಪು

ಈಗ ಹೇಳೋದನ್ನು ದಯವಿಟ್ಟು ಪೂರ್ತಿ ಓದಿ.

"ಟವಲ್ಲು" ಕಲಿತ ಹುರುಪಿನಲ್ಲಿ ಮೂರನೆಯದಾಗಿ "ಬಾಟ್ಲು" ಕಲಿಸಿದೆ. ಅಪ್ಪನಿಗೆ ನೀರಿನ ಬಾಟಲಿ ತಂದುಕೊಡಲಿ ಅಂತ. ಅದೂ ಬಂತು. ಒಂದು ಬೆಳಗ್ಗೆ ಟೊಮ್ಯಾಟೊ ಸಾಲಲ್ಲಿದ್ದೆ. ಬಾಯಾರಿತು. ತಮಾಷೆಗೆ "ಕೆಂಚ, ಬಾಟ್ಲು" ಅಂದೆ. ಬದುವಿನ ಕಡೆ ಓಡಿದ. ಬಾಲ ಅಲ್ಲಾಡಿಸುತ್ತ ತಂದು ಕೈಗಿಟ್ಟ. ಅದು ಹಿಂದಿನ ದಿನ ನಾನೇ ಸಿಂಪಡಿಸಿ ಎಸೆದಿದ್ದ ಕೀಟನಾಶಕದ ಖಾಲಿ ಬಾಟಲಿ. ಮುಚ್ಚಳ ಇರಲಿಲ್ಲ. ಮೇಲೆ ಹಳದಿ ತ್ರಿಕೋನ.

ಇಪ್ಪತ್ತು ನಿಮಿಷ ಆಗಿರಬಹುದು. ಬಾಯಲ್ಲಿ ಜೊಲ್ಲು ಸುರಿಯೋಕೆ ಶುರುವಾಯಿತು, ಮೈ ಅದುರಿತು, ಹಿಂಗಾಲು ಸೋತವು. ಕೈಗೆ ಗ್ಲೌಸ್ ಹಾಕಿ, ಒದ್ದೆ ಬಟ್ಟೆಯಿಂದ ಬಾಯಿ, ಮೀಸೆ ಒರೆಸಿದೆ. ಚೀಲದಲ್ಲಿ ಸುತ್ತಿ ಬೈಕಿನ ಹಿಂದೆ ಗೆಳೆಯನ ತೊಡೆ ಮೇಲೆ ಮಲಗಿಸಿ ಪಶು ಆಸ್ಪತ್ರೆಗೆ ಓಡಿದೆ. ಡಾಕ್ಟರು ಮೊದಲು ಕೇಳಿದ್ದು "ಯಾವ ಔಷಧಿ?" ಅಂತ. ಬಾಟಲಿಯ ಲೇಬಲ್ ಫೋಟೊ ತೆಗೆದಿದ್ದೆ, ತೋರಿಸಿದೆ. ಆರ್ಗನೊಫಾಸ್ಫೇಟ್ ಗುಂಪಿನದು ಅಂದರು, ಅಟ್ರೋಪಿನ್ ಇಂಜೆಕ್ಷನ್ ಕೊಟ್ಟರು. ಸಂಜೆವರೆಗೆ ಅಲ್ಲೇ ಇದ್ದೆವು. ಉಳಿದ.

ಮನೆಗೆ ಬಂದಾಗ ಅಪ್ಪ ಏನೂ ಕೇಳಲಿಲ್ಲ. ಎಡಗೈಯಿಂದ ಅವನ ತಲೆ ಸವರುತ್ತ ಕೂತರು.

ನಾಯಿ ತಪ್ಪು ಮಾಡಲಿಲ್ಲ ಗೆಳೆಯರೇ. ಬಾಟ್ಲು ಅಂದೆ, ಬಾಟ್ಲು ತಂದ. ತಪ್ಪು ನನ್ನದು, ಎರಡು ಸಲ. ವಿಷ ಇರಬಹುದಾದ ಜಾತಿಯ ವಸ್ತುವಿಗೆ ಹೆಸರು ಕಲಿಸಿದ್ದು ಒಂದು. ಖಾಲಿ ಬಾಟಲಿ ಬದುವಿನ ಮೇಲೆ ಎಸೆದದ್ದು ಇನ್ನೊಂದು. ಅವತ್ತು ನಾಯಿ ಎತ್ತಿಕೊಂಡಿತು. ಮಗು ಎತ್ತಿಕೊಂಡಿದ್ದರೆ?

ಆದ್ದರಿಂದ ಇವು ನೆನಪಿರಲಿ:

- ಬಾಟಲಿ, ಡಬ್ಬ, ಪ್ಯಾಕೆಟ್, ಕವರ್, ಕುಡುಗೋಲು, ಮಚ್ಚು, ವೈರು, ಮೊಬೈಲು ಇವುಗಳ ಹೆಸರು ಕಲಿಸಬೇಡಿ. ಮೊಬೈಲಿನ ಬ್ಯಾಟರಿಗೆ ಹಲ್ಲು ತಾಗಿದರೆ ಬೆಂಕಿ ಹತ್ತಬಹುದು.
- ಕೀಟನಾಶಕದ ಖಾಲಿ ಬಾಟಲಿಯನ್ನು ಮೂರು ಸಲ ನೀರಿನಲ್ಲಿ ತೊಳೆದು, ಆ ನೀರನ್ನು ಸಿಂಪಡಣೆ ಟ್ಯಾಂಕಿಗೇ ಹಾಕಿ. ಬಾಟಲಿಗೆ ತೂತು ಮಾಡಿ, ಮನೆ ಮತ್ತು ನೀರಿನಿಂದ ದೂರ ಬೀಗದಲ್ಲಿಡಿ. ಮತ್ತೆ ಯಾವುದಕ್ಕೂ ಬಳಸಬೇಡಿ.
- ಲೇಬಲ್ ಮೇಲಿನ ತ್ರಿಕೋನ ನೋಡಿ. ಕೆಂಪು ಅತ್ಯಂತ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಅಂದರೂ ವಿಷ ಇಲ್ಲ ಅಂತ ಅರ್ಥ ಅಲ್ಲ.
- ನಾಯಿಗೆ ವಿಷ ತಾಗಿದರೆ ಉಪ್ಪುನೀರು, ಎಣ್ಣೆ, ಹಾಲು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಲೇಬಲ್ ಫೋಟೊ ತಗೊಂಡು ನೇರ ಪಶು ವೈದ್ಯರ ಹತ್ತಿರ ಹೋಗಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ನಂಬರನ್ನು ಈಗಲೇ ಫೋನಲ್ಲಿ ಸೇವ್ ಮಾಡಿಕೊಳ್ಳಿ.
- ಬಾಯಲ್ಲಿ ತಂದದ್ದನ್ನು ಕೈಯಲ್ಲಿ ಹಿಡಿಯುತ್ತೀರಿ. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳ ವಯಸ್ಸಿನಲ್ಲಿ ಹಾಕಿಸಿ, ಆಮೇಲೆ ವರ್ಷಕ್ಕೊಂದು ಸಲ ತಪ್ಪಿಸಬೇಡಿ. ಜಂತುಹುಳದ ಮಾತ್ರೆಯನ್ನೂ ಡಾಕ್ಟರು ಹೇಳಿದಂತೆ ಕೊಡಿ.

ಕಲಿತ ಹೆಸರನ್ನು ಅಳಿಸಿಹಾಕೋದು ಕಷ್ಟ. "ಬಾಟ್ಲು" ಅನ್ನುವ ಪದವನ್ನೇ ನಮ್ಮ ಮನೆಯಲ್ಲಿ ಬಿಟ್ಟಿದ್ದೇವೆ. "ನೀರು" ಅಂತೀವಿ. ಅವನಾಗೇ ಬಾಟಲಿ ತಂದರೆ ತಿಂಡಿ ಇಲ್ಲ, ಮಾತಿಲ್ಲ. ಈಗ ತರೋದು ನಿಲ್ಲಿಸಿದ್ದಾನೆ.

ಈಗ

ಕೆಂಚನಿಗೆ ಈಗ ಗೊತ್ತಿರುವ ನಾಲ್ಕು ಹೆಸರು: ಮಾವ, ಟವಲ್ಲು, ಮೆಟ್ಟು, ಚೆಂಡು. "ಹಗ್ಗ" ಕಲಿಸಲು ಎರಡು ತಿಂಗಳು ಒದ್ದಾಡಿದೆ, ಬರಲಿಲ್ಲ, ಬಿಟ್ಟೆ. ನಿಮ್ಮ ನಾಯಿಗೆ ಒಂದೇ ಹೆಸರು ಬಂದರೂ ಬೇಸರ ಬೇಡ. ಮುಧೋಳ ನಾಯಿ ಇಟ್ಟವರು ಕೇಳುತ್ತಾರೆ, ನಮ್ಮದು ಏನೂ ತರೋದೇ ಇಲ್ಲವಲ್ಲ ಅಂತ. ಅದು ಕಣ್ಣಿಗೆ ಬಿದ್ದದ್ದನ್ನು ಓಡಿ ಹಿಡಿಯಲು ಬೆಳೆಸಿದ ತಳಿ. ತರೋದರಲ್ಲಿ ನಿಧಾನ ಅಂದರೆ ದಡ್ಡ ಅಂತ ಅಲ್ಲ.

ಹೋದ ವಾರ ತೆಂಗಿನಕಾಯಿ ಲೋಡು ಮಾಡಿಸಿ ಬರುವಷ್ಟರಲ್ಲಿ ಕತ್ತಲಾಗಿತ್ತು. ಅವ್ವ ಡೈರಿಯಿಂದ ಇನ್ನೂ ಬಂದಿರಲಿಲ್ಲ. ಅಪ್ಪ ಜಗಲಿ ಮೇಲೆ ಆರಾಮಾಗಿ ಕೂತಿದ್ದರು. ಊರುಗೋಲಿನ ನೀಲಿ ಬಟ್ಟೆಗೆ ಸಗಣಿ ಮೆತ್ತಿತ್ತು.

"ಏನಪ್ಪ, ಕೋಲು ಬಿತ್ತಾ?" ಅಂದೆ.

"ಬಿತ್ತು" ಅಂದರು. ಆಮೇಲೆ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ, ಕೆಂಚನ ಕಡೆ ಕೈ ತೋರಿಸಿ ಹೇಳಿದರು: "ಮಾವನ್ನ... ತಂದು... ಕೊಟ್ಟ."

ಈ ವಾರ ನೀವು ಮಾಡಬೇಕಾದದ್ದು ಎರಡೇ. ಒಂದು, ಹೊಲದ ಬದುವಿನಲ್ಲಿ ಬಿದ್ದಿರುವ ಖಾಲಿ ಬಾಟಲಿಗಳನ್ನೆಲ್ಲ ಗ್ಲೌಸ್ ಹಾಕಿಕೊಂಡು ಎತ್ತಿಡಿ. ಎರಡು, ಒಂದು ಹಳೆ ಬಟ್ಟೆ ಗಂಟು ತಗೊಂಡು ನಾಯಿ ಮುಂದೆ ಐದು ನಿಮಿಷ ಕೂತುಕೊಳ್ಳಿ. ಹೆಸರು ಆಮೇಲೆ ಇಡೋಣ.

ಮುಂದಿನ ವಾರ ಸಿಗೋಣ.